ಬಂದದ್ದು, ತಂದದ್ದು

ಅವರು ತೀರಿಕೊಂಡ ಸುದ್ದಿ ತಿಳಿಸಿದ್ದು ಎಂ.ಎಸ್ಸಿಯಲ್ಲಿ ನನ್ನ ಜೊತೆ ಓದಿದ ಶರಣಸಿರಸಗಿಯ ಹುಡುಗ. ಈಗ ಅವನೂ ಮೇಷ್ಟ್ರು. ಕಲಬುರಗಿಯಲ್ಲಿ ಮಣ್ಣು ಮುಗಿಸಿ ಬಂದು ಫೋನ್ ಮಾಡಿದ್ದ. "ಭಾಳ ಮಂದಿ ಬಂದಿದ್ರು. ಹಳೇ ಸ್ಟೂಡೆಂಟ್ಸ್ ಎಲ್ಲಾ. ಕಮಲಾಪುರಾನ ದಕ್ಷಿಣಕ್ಕ ಕಳಿಸಿದ ಉಸ್ತಾದ್ ಹೋದ್ರಲೇ ಅಂತ ಎಲ್ಲಾರೂ ನೆನಸಾಕತ್ತಿದ್ರು" ಎಂದ. ಪ್ರೀತಿಯಿಂದಲೇ ಹೇಳಿದ. ಆ ಮಾತು ಅವರ ಹೆಸರಿಗೆ ಅಂಟಿಕೊಂಡು ನಾಲ್ಕು ವರ್ಷವಾಗಿದೆ. ಅದನ್ನು ಬಿಡಿಸಬಲ್ಲವಳು ನಾನೊಬ್ಬಳೇ. ಆದ್ದರಿಂದ ಬರೆಯುತ್ತಿದ್ದೇನೆ.

ಅವರು ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿರಲಿಲ್ಲ. ಪ್ರಯೋಗಾಲಯ ನೋಡಿಕೊಳ್ಳುವ ಇನ್‌ಸ್ಟ್ರಕ್ಟರ್. ಪಾಠ ಮಾಡುವುದು, ಅಂಕ ಕೊಡುವುದು ಬೇರೆಯವರ ಕೆಲಸ. ಅವರ ಅಧಿಕಾರ ಒಂದೇ: ನಾವು ತೆಗೆದ ರೀಡಿಂಗುಗಳ ಕೆಳಗೆ ಚಿಕ್ಕದೊಂದು ಸಹಿ. ಆ ಸಹಿ ಇಲ್ಲದೆ ಪ್ರಯೋಗ ಮುಗಿದಂತಲ್ಲ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಕೆಟ್ಟುಹೋದ ಉಪಕರಣಗಳೊಡನೆ ಎರಡೂ. ಅವರ ತಂದೆಗೆ ಗಡಿಯಾರ ರಿಪೇರಿಯ ಅಂಗಡಿ ಇತ್ತಂತೆ. ಅಲ್ಲಿಂದ ಬಂದ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೊಂದು ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಯಾವುದೇ ಅಳತೆಯನ್ನೂ ಅದನ್ನು ಸಿಕ್ಕಿಸಿಕೊಂಡೇ ಓದುತ್ತಿದ್ದರು. ಆಗ ಇನ್ನೊಂದು ಕಣ್ಣನ್ನು ಮುಚ್ಚುತ್ತಿರಲಿಲ್ಲ. ಅದು ನಮ್ಮನ್ನು ನೋಡುತ್ತಿರುತ್ತಿತ್ತು.

ಹುಡುಗರನ್ನು ಅವರು ಊರಿನ ಹೆಸರಿನಿಂದ ಕರೆಯುತ್ತಿದ್ದರು. "ಸೇಡಂನವರು ಎಲ್ರಿ? ಶರಣಸಿರಸಗಿ, ಇತ್ಲಾಗ ಬರ್ರಿ. ಕಮಲಾಪುರದವ್ರs, ನಿಮ್ಮ ಸ್ಪೆಕ್ಟ್ರೋಮೀಟರ್ ಅಳ್ಳಾಡಾಕತ್ತದ ನೋಡ್ರಿ." ಕಮಲಾಪುರದವಳು ನಾನು. ನಿನ್ನೆ ಮೊನ್ನೆ ಸೇರಿದ ಹುಡುಗರಿಗೂ ಅವರು ಏಕವಚನ ಹಚ್ಚಿದ್ದನ್ನು ನಾನು ಕೇಳಿಲ್ಲ. ವಿದ್ಯಾರ್ಥಿಗಳಿಂದ ಒಂದು ಕಪ್ ಚಹಾ ಕೂಡ ಕುಡಿಯುತ್ತಿರಲಿಲ್ಲ. ಒಮ್ಮೆ ಊರಿನಿಂದ ಕೆಂಪು ಬಾಳೆಹಣ್ಣು ಒಯ್ದಿದ್ದೆ. ನಮ್ಮ ಕಮಲಾಪುರಕ್ಕೆ ಇರುವ ಹೆಸರೆಲ್ಲ ಆ ಹಣ್ಣಿನದೇ. ಎತ್ತಿ ಮೂಸಿ ನೋಡಿ ಮೇಜಿನ ಮೇಲೆ ವಾಪಸಿಟ್ಟರು. "ಪರೀಕ್ಷಾ ಮುಗದು ನೀವು ಹೊರಗ ಹೋಗ್ರಿ, ಆಮ್ಯಾಲ ತಿಂತೀನಿ. ಈಗ ತಿಂದ್ರ ನಿಮ್ಮ ರೀಡಿಂಗ್ ಸಿಹಿ ಹತ್ತತಾವ ನನಗ."

ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಒಂದು ಮಾತಿನ ರೂಢಿ ಇದೆ. ಉತ್ತರ 'ಬರುತ್ತದೆ'. ವ್ಯಾಲ್ಯೂ ಬಂತಾ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ನನಗೆ ಬರಲಿಲ್ಲ, ಅವಳಿಗೆ ಬಂತು, ಹೀಗೆ. ಅದು ಬಾರದೆ ಸತಾಯಿಸಿದಾಗ ಮಾಡುವ ಉಪಾಯವೂ ಒಂದಿದೆ. ಪುಸ್ತಕದಲ್ಲಿರುವ ಸರಿಯುತ್ತರವನ್ನು ಮೊದಲಿಟ್ಟುಕೊಂಡು, ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿ, ಆ ಉತ್ತರ ಬರಲು ಯಾವ ರೀಡಿಂಗ್ ಬೇಕೋ ಅದನ್ನು ಬರೆದುಬಿಡುವುದು. ಇದಕ್ಕೆ ಉಲ್ಟಾ ಲೆಕ್ಕ ಎಂದು ಹೆಸರು. ಮಾಡದ ವಿದ್ಯಾರ್ಥಿಗಳು ಕಡಿಮೆ. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಯಾರೇ ಪುಸ್ತಕ ಹಿಡಿದು ಸಹಿಗೆ ಹೋದರೂ ಒಂದೇ ಪ್ರಶ್ನೆ: "ಬಂತೇನ್ರಿ, ತಂದೀರೇನ್ರಿ?"

ಒಂದು ದಿನ ಶರಣಸಿರಸಗಿಯವನು ಲೋಲಕದ ಪ್ರಯೋಗ ಮುಗಿಸಿ ಓಡಿದ. "ಸರ್, ಬಂತ್ರಿ! ಕರೆಕ್ಟ್ ಬಂತು!"

"ಬಂತೇನ್ರಿ, ತಂದೀರೇನ್ರಿ?"

"ಬರಾಕs ಹತ್ತಿತ್ರಿ ಸರ್. ದಾರ್ಯಾಗ ಸ್ವಲ್ಪ ಕೈ ಹಿಡದು ಕರಕೊಂಡು ಬಂದೆ."

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. ನಕ್ಕು ಮುಗಿಸಿ, ಸಹಿ ಹಾಕದೆ ಪುಸ್ತಕ ಹಿಂದಿರುಗಿಸಿದರು. "ಹೋಗ್ರಿ, ಕೈ ಬಿಡ್ರಿ. ಅದs ನಡಕೋತ ಬರ್ತದ."

ತಪ್ಪು ಬರೆದರೆ ಅಳಿಸುವಂತಿರಲಿಲ್ಲ. ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ಇನ್ನೊಂದು ಪಾಠ ಮೀಟರ್ ಪಟ್ಟಿಯದು. ನಮ್ಮ ಮರದ ಪಟ್ಟಿಗಳ ತುದಿ ಎಷ್ಟೋ ಕೈಗಳಲ್ಲಿ ಸವೆದು ಸೊನ್ನೆಯೇ ಮಾಯವಾಗಿತ್ತು. ಸೊನ್ನೆಯಿಂದ ಅಳೆಯದೆ ಒಂದನೇ ಗೆರೆಯಿಂದ ಅಳೆದು, ಬಂದದ್ದರಲ್ಲಿ ಒಂದು ಕಳೆಯಬೇಕು. "ಒಂದರಿಂದ ಹಿಡೀರಿ, ಒಂದು ಬಿಡ್ರಿ" ಎಂದು ಅವರು ಮಗ್ಗಿಯಂತೆ ಹೇಳಿಸುತ್ತಿದ್ದರು.

ಎರಡನೆಯ ವರ್ಷ ನಾನು ಖಗೋಳಶಾಸ್ತ್ರದ ಐಚ್ಛಿಕ ವಿಷಯ ತೆಗೆದುಕೊಂಡೆ. ತರಗತಿಯಲ್ಲಿ ನಕ್ಷತ್ರಗಳ ಒಳಗಿನ ಒತ್ತಡ, ಉಷ್ಣತೆ, ಬೆಳಕು ಹೊರಬರಲು ಹಿಡಿಯುವ ಕಾಲ, ಎಲ್ಲವೂ ಸಮೀಕರಣಗಳಾಗಿ ಹಲಗೆ ತುಂಬುತ್ತಿದ್ದವು. ನನಗೆ ಅವು ಇಷ್ಟವಾಗಿದ್ದವು; ಅವುಗಳೊಡನೆ ಮಾತಾಡಬೇಕಿರಲಿಲ್ಲ. ಆಕಾಶವನ್ನು ನೋಡುವ ಅಗತ್ಯ ಮಾತ್ರ ಯಾರಿಗೂ ಕಂಡಿರಲಿಲ್ಲ. ನೋಡುತ್ತಿದ್ದವರು ಅವರೊಬ್ಬರೇ. ವಿಭಾಗದ ಮಾಳಿಗೆಯ ಮೇಲೆ ಪ್ರತಿ ಕೆಲಸದ ದಿನ ಹನ್ನೊಂದು ಗಂಟೆಗೆ ಸಣ್ಣ ದೂರದರ್ಶಕವೊಂದನ್ನು ಸೂರ್ಯನತ್ತ ತಿರುಗಿಸಿ, ಬಿಳಿ ರಟ್ಟಿನ ಮೇಲೆ ಬಿಂಬ ಬೀಳಿಸಿ, ಅದರ ಮೇಲಿನ ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಆ ನೋಟ್‌ಬುಕ್ಕುಗಳನ್ನು ಒಮ್ಮೆ ತೆರೆದು ತೋರಿಸಿದರು. ಪುಟಕ್ಕೊಂದು ವೃತ್ತ, ವೃತ್ತದಲ್ಲಿ ಚುಕ್ಕೆಗಳು. ಮಳೆಗಾಲಕ್ಕೆ ಬಂದರೆ ವೃತ್ತದೊಳಗೆ ಒಂದೇ ಪದ: ಮೋಡ. ಮರುದಿನ ಮೋಡ. ಅದರ ಮರುದಿನವೂ ಮೋಡ. ನಾನು ನಕ್ಕೆ.

"ಯಾಕ್ರಿ ನಗ್ತೀರಿ?" ಎಂದರು. "ಮೋಡಾನೂ ನೋಡಿದ್ದs ಅಲ್ರಿ?"

ಆ ವರ್ಷದ ಡಿಸೆಂಬರ್ ಅವರ ಸೇವೆಯ ಕೊನೆಯ ತಿಂಗಳು. ನವೆಂಬರಿನಲ್ಲಿ ಒಂದು ದಿನ ನನ್ನನ್ನು ಕರೆದು, ಬಹಳ ವರ್ಷಗಳಿಂದ ಇಟ್ಟುಕೊಂಡಿದ್ದ ಆಸೆಯೊಂದನ್ನು ಹೇಳಿದರು. ನೆರಳಿನಿಂದ ಭೂಮಿಯನ್ನು ಅಳೆಯುವುದು. ಪ್ರಯೋಗ ಸರಳ. ಕಮಲಾಪುರ ಕಲಬುರಗಿಯ ಉತ್ತರಕ್ಕಿದೆ, ತುಸು ಪೂರ್ವಕ್ಕೆ. ಎರಡೂ ಊರುಗಳಲ್ಲಿ ಒಂದೊಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಒಂದೇ ದಿನ, ಸೂರ್ಯ ನಡುನೆತ್ತಿಯ ಗೆರೆ ದಾಟುವಾಗ ನೆರಳು ಅಳೆದರೆ ಕಮಲಾಪುರದ್ದು ಒಂದಿಷ್ಟು ಹೆಚ್ಚು ಉದ್ದವಿರುತ್ತದೆ. ಆ ವ್ಯತ್ಯಾಸ ಭೂಮಿ ಬಾಗಿದ್ದರಿಂದ ಆದದ್ದು. ಅಷ್ಟು ಬಾಗಲು ಎಷ್ಟು ಕಿಲೋಮೀಟರ್ ಬೇಕಾಯಿತು ಎಂದು ಗೊತ್ತಿದ್ದರೆ ಇಡೀ ಭೂಮಿಯ ಸುತ್ತಳತೆ ಸಿಗುತ್ತದೆ.

"ನಿಮ್ಮೂರಿಗೂ ನಮ್ಮೂರಿಗೂ ಕಾಲು ಡಿಗ್ರಿ ಅಷ್ಟs. ಅಂದ್ರ ಆಕಾಶದಾಗ ಅರ್ಧ ಸೂರ್ಯಾನ ಅಗಲ" ಎಂದು ಬೆರಳುಗಳ ನಡುವೆ ಆ ಅರ್ಧ ಸೂರ್ಯನನ್ನು ಹಿಡಿದು ತೋರಿಸಿದರು. "ಉತ್ತರದ ಕಡೆಯಿಂದ ಬರೋ ಹುಡುಗ್ರು ಸಿಕ್ಕಿದ್ರು. ಆದ್ರ ಸುಮ್ಮನ ಕೂತು ನೋಡೋರು ಸಿಕ್ಕಿರ್ಲಿಲ್ಲ."

ಅದು ನನಗೆ ಸಿಕ್ಕ ಮೊದಲ ಮೆಚ್ಚುಗೆ ಎಂದು ಈಗಲೂ ಅನ್ನಿಸುತ್ತದೆ.

ಫೋನಿನಲ್ಲಿ ಅಕ್ಷಾಂಶ ನೋಡುವಂತಿಲ್ಲ, ಪಂಚಾಂಗ ನೋಡುವಂತಿಲ್ಲ ಎಂದು ಕರಾರಾಯಿತು. ದೂರಕ್ಕಾಗಿ ಅವರು ಕಮಲಾಪುರದ ಬಸ್ಸು ಹತ್ತಿ ಕಿಟಕಿಯಿಂದ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಬಂದರು. ಹಾದಿಯ ತಿರುವುಗಳನ್ನು ನಕ್ಷೆಯ ಮೇಲೆ ದಾರ ಹಿಡಿದು ಕಳೆದರು. ಅವರ ಕೋಲನ್ನು ಪ್ರಯೋಗಾಲಯದಲ್ಲಿ ಅವರೇ ಕೊಯ್ದರು. ನನ್ನದನ್ನು ನಾನು ಸೇಡಂ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಟೇಪು ಹಿಡಿಸಿ ಕೊಯ್ಯಿಸಿದೆ. ಎರಡರ ತುದಿಗೂ ಸಣ್ಣ ತೂತಿನ ತಗಡು ಕೂಡಿಸಿದರು. ತೂತಿನಿಂದ ಇಳಿದ ಬಿಸಿಲು ನೆರಳಿನ ನಡುವೆ ಚಿಕ್ಕದೊಂದು ದುಂಡು ಬಿಂಬವಾಗುತ್ತಿತ್ತು. ಅಳೆಯಬೇಕಾದದ್ದು ಆ ಬಿಂಬದ ನಟ್ಟನಡುವಿನವರೆಗೆ.

ಮೊದಲ ಸಲ ಗಾಳಿಗೆ ನನ್ನ ಕೋಲು ವಾಲಿತು. ಎರಡನೆಯ ಸಲ ಅವರನ್ನು ಸರಿಯಾಗಿ ಆ ಹೊತ್ತಿಗೇ ಸಭೆಗೆ ಕರೆದರು. ಮೂರನೆಯದು ನನ್ನ ಪರೀಕ್ಷೆಯ ದಿನವಾಯಿತು. ನಾಲ್ಕನೆಯ ದಿನ ಗೊತ್ತುಮಾಡಿದಾಗ ಅವರು, "ಇದು ಕಡೀದರಿ. ಇದಾದ ಮ್ಯಾಲ ಚಾರ್ಜ್ ಕೊಡೋ ಗದ್ದಲ" ಎಂದರು.

ಆ ದಿನ ನಮ್ಮ ಮನೆಯ ಮಾಳಿಗೆಯ ಮೇಲೆ ಅವ್ವ ತೊಗರಿ ಹರವಿದ್ದಳು. ಒಂದು ಮೂಲೆ ಕೇಳಿ ಪಡೆದು ಕೋಲು ನಿಲ್ಲಿಸಿದೆ. "ಆ ಕೋಲಿಗಿ ಏನು ಪೂಜಾ ನಡಸೀಯವ್ವ? ಮಾಡಿದ್ರ ಮಾಡು, ನನ್ನ ತೊಗರಿ ತುಳೀಬ್ಯಾಡ" ಎಂದು ಅವ್ವ ಕೆಳಗಿಳಿದಳು. ಹನ್ನೊಂದೂವರೆಯಿಂದ ಐದು ನಿಮಿಷಕ್ಕೊಂದು ಗುರುತು ಹಾಕುತ್ತ ಬಂದೆ. ಬಿಂಬ ಗಚ್ಚಿನ ಮೇಲೆ ನಿಧಾನವಾಗಿ ಜರುಗುತ್ತಿತ್ತು. ಹನ್ನೆರಡು ದಾಟಿ ಹತ್ತು ನಿಮಿಷವಾದಾಗ ಅದರ ಒಂದು ಅಂಚು ಮಾಸಿತು. ಮೇಲೆ ನೋಡಿದೆ. ಇಡೀ ಆಕಾಶದಲ್ಲಿ ಇದ್ದದ್ದು ಒಂದೇ ಮೋಡ, ಅಂಗೈಯಗಲದ್ದು. ಅದು ಅಲ್ಲಿಯೇ ನಿಂತಿತು. ಸೂರ್ಯ ಗೆರೆ ದಾಟುವ ಹೊತ್ತಿಗೆ, ಹನ್ನೆರಡು ಹದಿನೇಳಕ್ಕೆ, ಕೋಲಿನ ಬುಡದಲ್ಲಿ ನೆರಳೇ ಇರಲಿಲ್ಲ.

ಫೋನ್ ಬಂತು. "ಕಮಲಾಪುರದವ್ರs! ಇಲ್ಲಿ ಎಂಬತ್ನಾಲ್ಕು ಪಾಯಿಂಟ್ ಒಂಬತ್ತು ಸೆಂಟಿಮೀಟರ್ ಬಂತ್ರಿ. ಏನ್ ಚಂದ ಬಿದ್ದದ ಬಿಂಬ, ನಾಣ್ಯಾ ಇಟ್ಟಂಗ! ನಿಮ್ಮದು ಎಷ್ಟು ಬಂತು?"

ಅವರ ಧ್ವನಿಯಲ್ಲಿ ಹುಡುಗರ ಗೆಲುವಿತ್ತು. ನಾನು, "ನೋಡಾಕತ್ತೀನ್ರಿ ಸರ್, ಆಮ್ಯಾಲ ಹೇಳ್ತೀನಿ" ಎಂದೆ.

ಮೋಡ ಸರಿದಾಗ ಸೂರ್ಯ ಗೆರೆ ದಾಟಿಯಾಗಿತ್ತು. ಮಾಳಿಗೆಯ ಮೇಲೆ ಕೂತೇ ನಾನು ಫೋನಿನಲ್ಲಿ ಎರಡೂ ಊರುಗಳ ಅಕ್ಷಾಂಶ ನೋಡಿದೆ. ಅವರ ನೆರಳಿನ ಕೋನಕ್ಕೆ ಕಾಲು ಡಿಗ್ರಿ ಸೇರಿಸಿ ಹಿಂದಕ್ಕೆ ಲೆಕ್ಕ ಹಾಕಿದೆ. ನನ್ನ ನೆರಳು ಅವರದಕ್ಕಿಂತ ಏಳೂವರೆ ಮಿಲಿಮೀಟರ್ ಉದ್ದವಿರಬೇಕಾಗಿತ್ತು. ಅಷ್ಟನ್ನೇ ಬರೆದೆ. ಹತ್ತು ನಿಮಿಷದ ಕೆಲಸ. ನನ್ನ ಅಕ್ಷರ ಎಂದಿನಂತೆ ದುಂಡಗಿತ್ತು.

ಮರುದಿನ ಅವರು ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟರು. ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರಿನ ಹತ್ತಿರಕ್ಕೆ ಬಂದಿತ್ತು. ಪುಸ್ತಕದಲ್ಲಿರುವುದೂ ಅಷ್ಟೇ. "ಇಷ್ಟು ಛಲೋ ಬರ್ತದಂತ ನಾ ಅಂದಿರ್ಲಿಲ್ರಿ" ಎಂದರು. ಆಮೇಲೆ, ರೂಢಿಯಂತೆ, "ಬಂತೇನ್ರಿ, ತಂದೀರೇನ್ರಿ?"

"ಬಂತ್ರಿ ಸರ್."

ಸಹಿ ಹಾಕಿದರು. ವಿಭಾಗದ ಶನಿವಾರದ ಸೆಮಿನಾರಿನಲ್ಲಿ ಇದನ್ನೇ ಇಡಬೇಕೆಂದು ತಾವೇ ಹೋಗಿ ಮುಖ್ಯಸ್ಥರಿಗೆ ಹೇಳಿಬಂದರು. ಇಷ್ಟು ವರ್ಷಗಳಲ್ಲಿ ಅವರು ಆ ಹಲಗೆಯ ಮುಂದೆ ನಿಲ್ಲುವುದು ಅದೇ ಮೊದಲು.

ಶನಿವಾರ ಅವರು ಕೋಲನ್ನು ಕೈಯಲ್ಲಿ ಹಿಡಿದೇ ಬಂದರು. ಅಂಕಿಗಳನ್ನೆಲ್ಲ ಹಲಗೆಯ ಮೇಲೆ ಬರೆದು, ಫಲಿತಾಂಶಕ್ಕೆ ಬರುವ ಮೊದಲು ನಿಂತರು. "ಒಂದು ತಪ್ಪಾಗ್ಯದರಿ. ನಿನ್ನೆ ಈ ಕೋಲಿಗಿ ಚೀಟಿ ಹಚ್ಚೋಣಂತ ಸ್ಟೀಲ್ ಟೇಪಿಲೆ ಅಳದೆ. ತೊಂಬತ್ತೊಂಬತ್ತು ಸೆಂಟಿಮೀಟರ್ ಅದ. ನೂರಲ್ಲ. ಒಂದರಿಂದ ಹಿಡದೀನಿ, ಒಂದು ಬಿಡೋದು ಮರ್ತೀನಿ." ಕೋಣೆಯಲ್ಲಿ ನಗು ಎದ್ದಿತು, ಆ ಮಗ್ಗಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವರು ಹಲಗೆಯ ಮೇಲಿನ ನೂರರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ತೊಂಬತ್ತೊಂಬತ್ತು ಬರೆದರು. ಹುಡುಗರು ಕ್ಯಾಲ್ಕ್ಯುಲೇಟರ್ ತೆಗೆದರು.

ನನಗೆ ಕ್ಯಾಲ್ಕ್ಯುಲೇಟರ್ ಬೇಕಾಗಲಿಲ್ಲ. ಅವರ ಕೋಲು ಗಿಡ್ಡ ಎಂದ ಮೇಲೆ ಅವರ ನೆರಳೂ ಗಿಡ್ಡವಾಗಿತ್ತು. ನಾನು ನಿಜವಾಗಿ ಅಳೆದಿದ್ದರೆ ನನ್ನ ನೆರಳು ಬಹಳ ಉದ್ದ ಬಂದು, ಉತ್ತರ ಮೊದಲ ದಿನವೇ ಕೆಡಬೇಕಾಗಿತ್ತು. ಕೆಟ್ಟಿರಲಿಲ್ಲ. ಅವರ ತಪ್ಪು ಅಂಕಿಯ ಮೇಲೆ ನಾನು ಸರಿಯುತ್ತರವನ್ನು ಕಟ್ಟಿದ್ದೆ. ಈಗ ಆ ತಪ್ಪನ್ನು ತಿದ್ದಿದರೆ, ಒಂದು ಮೀಟರಿನ ಲೆಕ್ಕದಲ್ಲಿ, ಅವರ ನೆರಳೇ ನನ್ನದಕ್ಕಿಂತ ಉದ್ದವಾಗುತ್ತಿತ್ತು.

ಮೊದಲು ಕೂಗಿದವನು ಶರಣಸಿರಸಗಿಯವನೇ. "ಸರ್! ಕಮಲಾಪುರ ಕಲಬುರಗಿಗಿಂತ ನಾಕು ಕಿಲೋಮೀಟರ್ ದಕ್ಷಿಣಕ್ಕ ಬಂತಲ್ರಿ! ನಮ್ಮೂರ ಬಾಜೂಕs ಬಂದು ಕುಂತದ!" ಇಡೀ ಕೋಣೆ ಹೊರಳಾಡಿ ನಕ್ಕಿತು. ಮುಖ್ಯಸ್ಥರು ನಗುತ್ತಲೇ ನನ್ನ ಕಡೆ ಕೈ ತೋರಿಸಿದರು. "ಪಾಪ, ಆ ಹುಡುಗಿ ಅಷ್ಟು ಕಷ್ಟಪಟ್ಟು ರೀಡಿಂಗ್ ತಗೊಂಡು ಬಂದಾಳ. ನಿಮ್ಮ ಕೋಲು ಆಕಿ ಊರನ್ನs ದಕ್ಷಿಣಕ್ಕ ಕಳಿಸಿಬಿಡ್ತಲ್ರಿ ಉಸ್ತಾದ್."

"ಹೌದ್ರಿ ಸರ್. ಕೋಲು ನಂದs" ಎಂದರು ಅವರು. ನನ್ನತ್ತ ನೋಡಲಿಲ್ಲ. ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಏನನ್ನೂ ಓದದೆ, ಮತ್ತೆ ಜೇಬಿಗೆ ಹಾಕಿಕೊಂಡರು.

ನಾನು ಏಳಬೇಕಾಗಿದ್ದದ್ದು ಆಗ. ಒಂದು ಸಾಲಿನ ಮಾತು ಸಾಕಿತ್ತು. ಎರಡನೆಯ ಸಾಲಿನ ಬೆಂಚಿನಲ್ಲಿ ಕೂತಿದ್ದೆ, ಮುಂದೆ ಯಾರೂ ಅಡ್ಡ ಇರಲಿಲ್ಲ. ಏಳಲಿಲ್ಲ.

ಎಲ್ಲರೂ ಹೋದ ಮೇಲೆ ಪ್ರಯೋಗಾಲಯಕ್ಕೆ ಹೋದೆ. ಅವರು ತಗಡಿನ ಡಬ್ಬಿಯಲ್ಲಿ ವಾಷರುಗಳನ್ನು ವಿಂಗಡಿಸುತ್ತಿದ್ದರು.

"ಸರ್, ನಂದು ಬಂದದ್ದಲ್ರಿ. ತಂದದ್ದು."

"ಗೊತ್ತದರಿ."

"ಯಾವಾಗ ಗೊತ್ತಾತ್ರಿ?"

"ನಿನ್ನೆ. ಕೋಲು ಅಳದ ಕೂಡ್ಲೆ."

"ಮತ್ತ ಅಲ್ಲಿ ಯಾಕ ಹೇಳ್ಲಿಲ್ರಿ?"

ವಾಷರೊಂದನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ಕೋಲು ನಾ ನೋಡೀನಿ, ಹೇಳ್ದೆ. ನಿಮ್ಮ ಮಾಳಿಗಿ ಮ್ಯಾಲ ಏನಾತು ನಾ ನೋಡಿಲ್ಲ. ನೋಡಿಲ್ಲದ್ದು ನಾ ಹೆಂಗ ಹೇಳ್ಲಿ?"

ನಾನು ಮೋಡದ ವಿಷಯ ಹೇಳಿದೆ.

"ಮೋಡ ಅಂತ ಬರದಿದ್ರ ಏನಾಗ್ತಿತ್ತು ಬೇಟಾ?"

ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. "ನಿಮ್ಮದು ಕಡೀ ತಿಂಗಳಿತ್ರಿ ಸರ್" ಎಂದೆ.

ವಾಷರನ್ನು ಡಬ್ಬಿಗೆ ಹಾಕಿದರು. ಆಮೇಲೆ ತುಟಿಯಂಚಿನಲ್ಲಿ ನಗು ಬಂತು. "ನನ್ನದು ಕಡೀ ತಿಂಗಳು ಖರೆ. ಸೂರ್ಯಾಂದು ಕಡೀ ತಿಂಗಳಿತ್ತೇನ್ರಿ?"

ಪುಸ್ತಕ ತೆಗೆಯಲು ಹೇಳಿದರು. ನನ್ನ ದುಂಡಗಿನ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ತಂದದ್ದು. ಮೋಡ ಇತ್ತು' ಎಂದು ಬರೆದೆ. ಅದರ ಕೆಳಗೆ ಸಹಿ ಹಾಕಿದರು. ಮುಖ್ಯಸ್ಥರಿಗೆ ತಿಳಿಸುತ್ತೇನೆ ಎಂದೆ. "ತಿಳಸ್ರಿ" ಎಂದರು, ಅಷ್ಟೇ. ಸೋಮವಾರ ತಿಳಿಸೋಣ ಎಂದುಕೊಂಡೆ. ಅಂಥ ಸೋಮವಾರಗಳು ಬಹಳ ಆದವು.

ಮುಂದಿನ ಡಿಸೆಂಬರಿನಲ್ಲಿ ಅವರು ಕಮಲಾಪುರಕ್ಕೆ ಬಂದರು, ಅದೇ ಗಿಡ್ಡ ಕೋಲಿನೊಂದಿಗೆ. ಆ ಹೊತ್ತಿಗೆ ನನ್ನ ಪರೀಕ್ಷೆಗಳೆಲ್ಲ ಮುಗಿದಿದ್ದವು. ಕಲಬುರಗಿಯಲ್ಲಿ ಅವರ ಮನೆಯ ಮಾಳಿಗೆಯ ಮೇಲೆ ನನ್ನ ಕೋಲನ್ನು ನಿಲ್ಲಿಸಿ ಅಳತೆಗೆ ಕೂತವನು ಶರಣಸಿರಸಗಿಯವನು. ಯಾಕೆ ಇನ್ನೊಮ್ಮೆ ಎಂದು ಅವನು ಕೇಳಲಿಲ್ಲ. ಉಸ್ತಾದರು ತಮ್ಮ ಕೋಲಿನ ತಪ್ಪು ತೊಳೆದುಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು. ಅವ್ವ ತೊಗರಿ ಸರಿಸಿ ಜಾಗ ಮಾಡಿಕೊಟ್ಟಳು. ಅವರು ಗಚ್ಚಿನ ಮೇಲೆ ಬೋರಲು ಮಲಗಿದಂತೆ ಬಾಗಿ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಿಂಬ ನೋಡಿದರು. ಮೋಡವಿರಲಿಲ್ಲ. ಅವರ ಕೋಲನ್ನು ತೊಂಬತ್ತೊಂಬತ್ತೆಂದೇ ಹಿಡಿದು ಲೆಕ್ಕ ಹಾಕಿದಾಗ ಭೂಮಿ ಮೂವತ್ತಮೂರು ಸಾವಿರ ಕಿಲೋಮೀಟರ್ ಬಂತು.

"ಭಾಳ ಸಣ್ಣದಾತ್ರಿ ಸರ್" ಎಂದೆ.

"ಆಗ್ಲಿ ಬಿಡ್ರಿ. ಬಂದದ್ದs ಅಲ್ರಿ?" ಆಮೇಲೆ ಗೋಡೆಗೆ ಒರಗಿ ಕೂತು, ಎರಡು ಕೆಂಪು ಬಾಳೆಹಣ್ಣು ತಿಂದರು. ಒಂದನ್ನು ಬಿಡಿಸುತ್ತ ಉತ್ತರ ದಿಕ್ಕು ಯಾವುದೆಂದು ಅವ್ವನನ್ನು ಕೇಳಿ, ಅವಳು ತೋರಿಸಿದ್ದನ್ನು ನೆರಳಿನೊಡನೆ ತಾಳೆ ನೋಡಿ ಹೌದೆಂದು ತಲೆಯಾಡಿಸಿದರು.

ಈಗ ನಾನೂ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಿ ಹಾಕುತ್ತೇನೆ. ಬಂತಾ, ತಂದಿರಾ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಅವರ ಸಹಿ ಇರುವ ಆ ಪುಸ್ತಕ ನನ್ನ ಕಪಾಟಿನಲ್ಲಿದೆ, ಅದನ್ನು ಓದಿದವರು ಇಬ್ಬರೇ. ಹಳೆಯ ಸಹಪಾಠಿಗಳು ಇದನ್ನೂ ಓದುತ್ತಾರೆಂದು ನಂಬುತ್ತೇನೆ. ಕೋಲು ಒಂದು ಸೆಂಟಿಮೀಟರ್ ಗಿಡ್ಡವಿದ್ದದ್ದು ನಿಜ. ಅದನ್ನು ಅವರು ಅಂದೇ ಎಲ್ಲರ ಮುಂದೆ ಹೇಳಿದರು. ಕಮಲಾಪುರವನ್ನು ದಕ್ಷಿಣಕ್ಕೆ ಕಳಿಸಿದ್ದು ಅವರ ಕೋಲಲ್ಲ. ಆ ದಿನ ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಮಾಳಿಗೆಯ ಮೇಲೆ ಮೋಡ ಇತ್ತು.